ಒದ್ದೆ ಕಾರ್ಪೆಟ್ಟು, ನಿಧಾನದ ಕಿಟಕಿ, ಟಿಕ್ ಟಿಕ್ ಎಂಜಿನ್ನು

ನಮ್ಮ ಹಾಸ್ಟೆಲ್ಲಿನಲ್ಲಿ ರೂಮಿಗೊಂದು ಸ್ಪೋರ್ಟ್ಸ್ ಕಾರಿನ ಪೋಸ್ಟರ್ ಇದ್ದೇ ಇರತ್ತೆ. ಆದರೆ ಕಾರ್ಪೆಟ್ ಒದ್ದೆಯಾಗಿ, ಮುಗ್ಗಲು ವಾಸನೆ ಹೊಡೆಯೋ ಸ್ಪೋರ್ಟ್ಸ್ ಕಾರಿನ ಪೋಸ್ಟರ್ ಯಾರೂ ಅಂಟಿಸಲ್ಲ. ಈ ಲೇಖನ ಅಂಥದ್ದೊಂದು ಕಾರಿನ ಬಗ್ಗೆ.

ಹೋದ ಬೇಸಿಗೆ ರಜೆಯಲ್ಲಿ ಆರು ವಾರ ನಾನು ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಸೋದರಮಾವನ ಮನೆಯಲ್ಲಿದ್ದೆ. ಒಂದು ಕಾಲಕ್ಕೆ ಟ್ರಯಂಫ್ ಸ್ಪೋರ್ಟ್ಸ್ ಕಾರುಗಳು ತಯಾರಾಗ್ತಿದ್ದ ಊರು ಅದು. ಮಾವ ಮಾತ್ರ ಇಟ್ಟುಕೊಂಡಿರೋದು ಜಪಾನಿ ಕಾರು: 1991ರ ಮಜ್ದಾ ಎಂಎಕ್ಸ್-5, ಮೊದಲ ತಲೆಮಾರಿನದು. ಹೋದ ದಿನವೇ ಅತ್ತೆ ಅಂದ್ರು, "ನೀನು ಮೆಕ್ಯಾನಿಕಲ್ ಓದ್ತಿದ್ದೀಯಲ್ಲಪ್ಪಾ, ಈ ಕಾರಿಗೊಂದು ಗತಿ ಕಾಣಿಸು. ಹತ್ತಿದ್ರೆ ಸಾಕು, ಕಾಲುಚೀಲ ಒದ್ದೆ." ಮಾವನ ಚಿಂತೆ ಬೇರೆ. ಐದು ವಾರಕ್ಕೆ ಎಂಓಟಿ ಇತ್ತು. ಅಲ್ಲಿ ಮೂರು ವರ್ಷ ದಾಟಿದ ಕಾರಿಗೆ ಪ್ರತಿ ವರ್ಷ ನಡೆಯೋ ತಪಾಸಣೆ ಅದು, ನಮ್ಮ ಎಫ್‌ಸಿ ಇದ್ದ ಹಾಗೆ. ಫೇಲಾದ್ರೆ ಗಾಡಿ ರಸ್ತೆಗೆ ಇಳಿಸೋ ಹಾಗಿಲ್ಲ.

ಕಾರಿನ ಪರಿಚಯ ಎರಡೇ ಮಾತಲ್ಲಿ. 1989ರ ಫೆಬ್ರವರಿಯಲ್ಲಿ ಶಿಕಾಗೋ ಆಟೋ ಶೋನಲ್ಲಿ ಮೊದಲು ಕಂಡಿದ್ದು. ಅಮೆರಿಕದಲ್ಲಿ ಇದಕ್ಕೆ ಮಿಯಾಟಾ ಅಂತಾರೆ, ಜಪಾನಿನಲ್ಲಿ ಯೂನೋಸ್ ರೋಡ್‌ಸ್ಟರ್ ಅಂತ ಮಾರಿದರು. 1597 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್, 16 ವಾಲ್ವ್, ಹಿಂದಿನ ಚಕ್ರಕ್ಕೆ ಶಕ್ತಿ, ಎರಡೇ ಸೀಟು, ಬಟ್ಟೆ ಮಾಡು. ತೂಕ ಸುಮಾರು 950 ಕಿಲೋ. ಪವರ್ 115 ಎಚ್‌ಪಿ ಆಸುಪಾಸು. ಕಾಗದದ ಮೇಲೆ ಏನೂ ಇಲ್ಲ ಅನ್ಸತ್ತೆ, ಆದರೂ ಪ್ರಪಂಚದಲ್ಲಿ ಅತಿ ಹೆಚ್ಚು ಮಾರಾಟವಾದ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಇದೇ. 2016ರಲ್ಲಿ ಹತ್ತು ಲಕ್ಷದ ಗಡಿ ದಾಟಿತು. ಕಾರಣ ತೂಕ. ತೂಕ ಕಡಿಮೆ ಇದ್ದರೆ ಬ್ರೇಕ್, ಟೈರು, ಸ್ಪ್ರಿಂಗ್ ಎಲ್ಲಕ್ಕೂ ಕೆಲಸ ಕಡಿಮೆ.

ಆದರೆ ಹಗುರ ಕಾರಿಗೆ ಇನ್ನೊಂದು ಮುಖ ಇದೆ. ದೊಡ್ಡ ಸೆಡಾನಿನಲ್ಲಿ ಡಾಂಬರಿನ ಶೀಟು, ಫೋಮು, ದಪ್ಪ ಕಾರ್ಪೆಟ್ಟು ಎಲ್ಲ ಸೇರಿ ನೂರು ಸಣ್ಣ ದೋಷಗಳನ್ನು ಮುಚ್ಚಿಹಾಕ್ತವೆ. ಇಲ್ಲಿ ಮುಚ್ಚೋಕೆ ಏನೂ ಇಲ್ಲ. ಎಲ್ಲ ಕೇಳತ್ತೆ, ಎಲ್ಲ ಅಲುಗಾಡತ್ತೆ. ಮೂವತ್ತು ವರ್ಷ ದಾಟಿದ ಮೇಲೆ ಕೇಳಬೇಕಾ? ಮಾವ ಒಂದು ಹಾಳೆಯಲ್ಲಿ ದೂರುಗಳ ಪಟ್ಟಿ ಬರೆದಿಟ್ಟಿದ್ದರು. ಕಾರ್ಪೆಟ್ ಒದ್ದೆ. ಎಡಗಡೆ ಕಿಟಕಿ ನಿಧಾನ. ಬೆಳಗ್ಗೆ ಟಿಕ್ ಟಿಕ್. 100ರಲ್ಲಿ ಸ್ಟೀರಿಂಗ್ ನಡುಕ. ಗೇರ್ ಲಿವರ್ ಹತ್ರ ಬಿಸಿ. ಎಂಜಿನ್ ಹಿಂದೆ ಎಣ್ಣೆ. ಹೀಗೆ. ನಾನು ಆ ಹಾಳೆಯನ್ನು ಮೇಲಿಂದ ಕೆಳಗೆ ಓದಿದೆ, ಅದೇ ಕ್ರಮದಲ್ಲಿ ಕೆಲಸ ಶುರು ಮಾಡ್ಲಿಲ್ಲ. ನನಗೆ ಇಷ್ಟವಾದದ್ದರಿಂದ ಶುರು ಮಾಡಿದೆ. ಅದು ಮೊದಲ ತಪ್ಪು.

ಕಿಟಕಿ

ಇಷ್ಟವಾದದ್ದು ಕಿಟಕಿ. ಸುಲಭ ಅನ್ಸಿತ್ತು. ಈ ಕಾರುಗಳಲ್ಲಿ ಪವರ್ ವಿಂಡೋ ನಿಧಾನ ಆಗೋದು ಮಾಮೂಲು. ಬಾಗಿಲೊಳಗೆ ಒಂದು ಮೋಟಾರು, ಅದರಿಂದ ಕೇಬಲ್ಲು, ಕೇಬಲ್ಲಿಗೆ ಪ್ಲಾಸ್ಟಿಕ್ ಗೈಡು, ಎರಡೂ ಕಡೆ ಗಾಜು ಜಾರೋ ರಬ್ಬರ್ ಚಾನಲ್ಲು. ಹಳೇ ಗ್ರೀಸು ಗಟ್ಟಿಯಾಗಿ ಅಂಟಾಗತ್ತೆ, ಅಷ್ಟೇ ಅಂದ್ಕೊಂಡು ಭಾನುವಾರ ಪೂರ್ತಿ ಬಾಗಿಲು ಬಿಚ್ಚಿಟ್ಟುಕೊಂಡು ಕೂತೆ. ಟ್ರಿಮ್‌ನ ಮೂರು ಕ್ಲಿಪ್ ಮುರಿದೆ. ಹಳೇ ಗ್ರೀಸ್ ಒರೆಸಿ ಹೊಸದು ಹಚ್ಚಿದೆ, ರಬ್ಬರ್ ಚಾನಲ್ಲಿಗೆ ಸಿಲಿಕೋನ್ ಸ್ಪ್ರೇ ಹೊಡೆದೆ. ಸಂಜೆ ಸ್ವಿಚ್ ಒತ್ತಿದರೆ ಗಾಜು ಮೊದಲಿನಷ್ಟೇ ನಿಧಾನ. ಮಾವ ಟೀ ಕುಡೀತಾ ನೋಡ್ತಿದ್ದರು. "ಅಳೆದೇನೋ?" ಅಂತ ಒಂದೇ ಮಾತು ಕೇಳಿದರು.

ಅಳೆದಿರಲಿಲ್ಲ. ಆ ರಾತ್ರಿ ಕೂತು ಲೆಕ್ಕ ಹಾಕಿದೆ. ಡಿಸಿ ಮೋಟಾರಿನ ವೇಗ ಬ್ಯಾಕ್ ಇಎಂಎಫ್‌ಗೆ ಅನುಪಾತದಲ್ಲಿರತ್ತೆ, ಟಾರ್ಕ್ ಕರೆಂಟಿಗೆ. ಲೆಕ್ಕಕ್ಕೆ ಹೀಗೆ ಹಿಡಿಯೋಣ: ಬ್ಯಾಟರಿ 12.5 ವೋಲ್ಟ್, ಮೋಟಾರಿನ ಸುರುಳಿಯ ರೆಸಿಸ್ಟೆನ್ಸ್ 0.6 ಓಮ್, ಗಾಜು ಏರಿಸೋಕೆ ಬೇಕಾದ ಕರೆಂಟ್ 8 ಆಂಪಿಯರ್. ಸುರುಳಿಯಲ್ಲಿ ಹೋಗೋದು 4.8 ವೋಲ್ಟ್, ಉಳಿಯೋ ಬ್ಯಾಕ್ ಇಎಂಎಫ್ 7.7 ವೋಲ್ಟ್.

ಈಗ ಸ್ವಿಚ್ಚಿನ ತಾಮ್ರದ ಕಾಂಟ್ಯಾಕ್ಟ್ ಕಪ್ಪಾಗಿ 0.3 ಓಮ್ ಸೇರಿತು ಅನ್ನಿ. ಗಾಜಿನ ಭಾರ ಅಷ್ಟೇ ಇರೋದರಿಂದ ಕರೆಂಟು 8 ಆಂಪಿಯರ್ರೇ. ದಾರಿಯಲ್ಲೇ 2.4 ವೋಲ್ಟ್ ಖರ್ಚು. ಉಳಿದದ್ದು 5.3 ವೋಲ್ಟ್. ವೇಗ ಮೂರರಲ್ಲಿ ಒಂದು ಪಾಲು ಹೋಯ್ತು.

ಇನ್ನೊಂದು ಸನ್ನಿವೇಶ. ಸ್ವಿಚ್ ಚೆನ್ನಾಗಿದೆ, ಆದರೆ ಗ್ರೀಸ್ ಅಂಟಾಗಿ 12 ಆಂಪಿಯರ್ ಬೇಕಾಗ್ತಿದೆ. ಸುರುಳಿಯಲ್ಲಿ 7.2 ವೋಲ್ಟ್ ಹೋಗತ್ತೆ. 12.5ರಲ್ಲಿ 7.2 ಕಳೆದರೆ ಮತ್ತೆ ಅದೇ 5.3!

ಅಂದರೆ ಎರಡು ಬೇರೆ ಬೇರೆ ಕಾಯಿಲೆ, ಹೊರಗೆ ಕಾಣೋ ಲಕ್ಷಣ ಒಂದೇ. ಗಾಜನ್ನು ಎಷ್ಟು ಹೊತ್ತು ದಿಟ್ಟಿಸಿದರೂ ವ್ಯತ್ಯಾಸ ಗೊತ್ತಾಗಲ್ಲ. ಗೊತ್ತಾಗೋದು ಒಂದೇ ಜಾಗದಲ್ಲಿ: ಗಾಜು ಚಲಿಸ್ತಿರುವಾಗ ಮೋಟಾರಿನ ಕನೆಕ್ಟರ್ ಮೇಲೆ ಮಲ್ಟಿಮೀಟರ್ ಇಟ್ಟರೆ, ಮೊದಲನೇ ಸನ್ನಿವೇಶದಲ್ಲಿ 10.1 ವೋಲ್ಟ್, ಎರಡನೆಯದರಲ್ಲಿ ಪೂರ್ತಿ 12.5. ಸ್ವಿಚ್ ಒತ್ತದೇ ಅಳೆದರೆ ಉಪಯೋಗ ಇಲ್ಲ, ಕರೆಂಟ್ ಹರಿಯದೇ ವೋಲ್ಟೇಜ್ ಡ್ರಾಪ್ ಎಲ್ಲಿಂದ ಬರತ್ತೆ? ಮಾರನೇ ದಿನ ಅಳೆದೆ. 10ರ ಹತ್ತಿರ ಬಂತು. ಸ್ವಿಚ್ ಬಿಚ್ಚಿ ಕಾಂಟ್ಯಾಕ್ಟನ್ನು ಸಣ್ಣ ಮರಳು ಕಾಗದದಲ್ಲಿ ಉಜ್ಜಿ, ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಕೂರಿಸಿದೆ. ಇಪ್ಪತ್ತು ನಿಮಿಷದ ಕೆಲಸ. ಎರಡನೇ ವರ್ಷ ಲ್ಯಾಬಿನಲ್ಲಿ ಡಿಸಿ ಮೋಟಾರಿನ ರೀಡಿಂಗನ್ನು ಪಕ್ಕದ ಬ್ಯಾಚಿನಿಂದ ಕಾಪಿ ಹೊಡೆದಿದ್ದು ನೆನಪಾಯ್ತು.

ಟಿಕ್ ಟಿಕ್

ಈ 1.6 ಎಂಜಿನ್ನಿನಲ್ಲಿ ವಾಲ್ವ್ ಸಂದು ಕೈಯಲ್ಲಿ ಹೊಂದಿಸೋ ಕೆಲಸ ಇಲ್ಲ. ಹೈಡ್ರಾಲಿಕ್ ಲ್ಯಾಶ್ ಅಡ್ಜಸ್ಟರ್ ಇದೆ. ಕ್ಯಾಮ್ ಕೆಳಗಿನ ಬಟ್ಟಲಿನೊಳಗೆ ಒಂದು ಪುಟಾಣಿ ಪ್ಲಂಜರ್, ಅದರ ಹಿಂದೆ ಎಂಜಿನ್ ಆಯಿಲ್ ತುಂಬಿಕೊಂಡು ಸಂದನ್ನು ತಾನೇ ಮುಚ್ಚತ್ತೆ. ಆಯಿಲ್ ಹಳೆಯದಾಗಿ ಮಡ್ಡಿ ಕಟ್ಟಿದರೆ ಅಥವಾ ಒಳಗೆ ಗಾಳಿ ಗುಳ್ಳೆ ಸೇರಿದರೆ ಪ್ಲಂಜರ್ ಮೆತ್ತಗಾಗತ್ತೆ, ಸಂದು ಉಳಿಯತ್ತೆ, ಕ್ಯಾಮ್ ಬಂದು ಬಡಿಯತ್ತೆ. ಕಾರು ಕೆಲವು ದಿನ ನಿಂತಿದ್ದು ಸ್ಟಾರ್ಟ್ ಮಾಡಿದಾಗ ಒಂದೆರಡು ನಿಮಿಷ ಬರೋ ಸದ್ದು ಇದು. ಕಿರಿಕಿರಿ ಹೌದು, ಅಪಾಯ ಕಡಿಮೆ.

ಆದರೆ ಸದ್ದು ಅಲ್ಲಿಂದಲೇ ಬರ್ತಿದೆ ಅಂತ ಹೇಗೆ ನಂಬೋದು? ಕ್ರ್ಯಾಂಕ್ ಬೇರಿಂಗ್ ಬಡಿತವಾದರೆ ಎಂಜಿನ್ನೇ ಹೋಗತ್ತೆ. ಇದಕ್ಕೆ ಸಾವಿರ ರೂಪಾಯಿಯ ಉಪಕರಣ ಏನೂ ಬೇಡ. ಐಡಲ್ 850 ಆರ್‌ಪಿಎಂ. ಕ್ರ್ಯಾಂಕ್ ಸೆಕೆಂಡಿಗೆ ಸುಮಾರು 14 ಸುತ್ತು, ಕ್ಯಾಮ್ ಅದರ ಅರ್ಧ, 7 ಸುತ್ತು. ಒಂದು ಅಡ್ಜಸ್ಟರ್ ಕೆಟ್ಟಿದ್ದರೆ ಸೆಕೆಂಡಿಗೆ 7 ಟಿಕ್. ಒಂದು ರಾಡ್ ಬೇರಿಂಗ್ ಆದರೆ ಸಾಮಾನ್ಯವಾಗಿ 14ರ ತಾಳ, ಅದೂ ದಪ್ಪ ದನಿಯಲ್ಲಿ, ಆಕ್ಸಿಲರೇಟರ್ ಕೊಟ್ಟಾಗ ಜೋರಾಗತ್ತೆ. ಫೋನಲ್ಲಿ ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ ಲ್ಯಾಪ್‌ಟಾಪಿನಲ್ಲಿ ವೇವ್‌ಫಾರ್ಮ್ ತೆಗೆದು ಮೊನೆಗಳನ್ನು ಎಣಿಸಿದೆ. ಏಳೇ. ಉದ್ದನೆ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ ಒತ್ತಿ ತುದಿಯನ್ನು ವಾಲ್ವ್ ಕವರ್ ಮೇಲೆ ಅಲ್ಲಲ್ಲಿ ಇಟ್ಟು ಕೇಳಿದರೆ ಯಾವ ಸಿಲಿಂಡರ್ ಅಂತಾನೂ ತಿಳಿಯತ್ತೆ. ಬೆಲ್ಟು, ಫ್ಯಾನು ಹತ್ರ ಕೂದಲು, ಶಾಲು ಹೋಗದ ಹಾಗೆ ನೋಡ್ಕೊಳ್ಳಿ.

ಮದ್ದು ಸರಳ: ಸರಿಯಾದ ಗ್ರೇಡಿನ ಹೊಸ ಆಯಿಲ್, ಹೊಸ ಫಿಲ್ಟರ್, ಆಮೇಲೆ ಎಂಜಿನ್ ಚೆನ್ನಾಗಿ ಬಿಸಿಯಾಗೋವರೆಗೆ ಉದ್ದನೆ ಓಟ. ನಾನು ಆಯಿಲ್ ಬದಲಾಯಿಸಿದೆ, ಇರ್ಲಿ ಅಂತ ಡಿಪ್‌ಸ್ಟಿಕ್ಕಿನ ಮೇಲಿನ ಗುರುತು ದಾಟಿಸಿ ಸ್ವಲ್ಪ ಜಾಸ್ತಿಯೇ ಹಾಕಿದೆ. ಸಾರಿಗೆ ತುಪ್ಪ ಹಾಕಿದ ಹಾಗೆ. ಟಿಕ್ ಇನ್ನೂ ಜಾಸ್ತಿಯಾಯ್ತು! ಮಟ್ಟ ಏರಿದರೆ ಕ್ರ್ಯಾಂಕ್ ಆಯಿಲನ್ನು ಕಡೆಗೋಲಿನ ಹಾಗೆ ಕಡೆದು ನೊರೆ ಎಬ್ಬಿಸತ್ತೆ, ನೊರೆಯ ಗಾಳಿ ನೇರ ಅಡ್ಜಸ್ಟರಿಗೆ. ಹೆಚ್ಚಿನದನ್ನು ಇಳಿಸಿ, ಹೆದ್ದಾರಿಯಲ್ಲಿ ಒಂದು ಗಂಟೆ ಓಡಿಸಿಕೊಂಡು ಬಂದ ಮೇಲೆ ಸದ್ದು ಅಡಗಿತು.

ಇದರ ಜೊತೆಗೇ ಹೇಳಬೇಕಾದ ಒಂದು ತಮಾಷೆ. ಮೊದಲ ವರ್ಷಗಳ ಈ ಕಾರಿನಲ್ಲಿ ಆಯಿಲ್ ಪ್ರೆಶರ್ ಗೇಜು ನಿಜವಾದದ್ದು. ಬಿಸಿ ಎಂಜಿನ್ ಐಡಲ್‌ಗೆ ಬಂದರೆ ಮುಳ್ಳು ಇಳಿಯತ್ತೆ, ಆಕ್ಸಿಲರೇಟರ್ ಕೊಟ್ಟರೆ ಏರತ್ತೆ. ಅದು ಸಹಜ, ಆದರೂ ನೋಡೋರಿಗೆ ಎದೆ ಧಸಕ್ ಅನ್ನತ್ತೆ. ಆಮೇಲಿನ ವರ್ಷಗಳ ಕಾರುಗಳಲ್ಲಿ ಮುಳ್ಳು ಬರೀ ಸ್ವಿಚ್ಚಿನ ಹಾಗೆ ಕೆಲಸ ಮಾಡತ್ತೆ: ಪ್ರೆಶರ್ ಇದ್ದರೆ ನಡುವೆ ನಿಲ್ಲತ್ತೆ, ಇಲ್ಲದಿದ್ದರೆ ಬಿದ್ದುಹೋಗತ್ತೆ. ನನಗಂತೂ ಸತ್ಯ ಹೇಳಿ ಹೆದರಿಸೋ ಗೇಜೇ ಇಷ್ಟ.

ನಡುಕ

ಸ್ಟೀರಿಂಗ್ ಗಂಟೆಗೆ 100 ಕಿಲೋಮೀಟರ್ ಹತ್ತಿರ ನಡುಗತ್ತೆ, 80ರಲ್ಲಿ ಇಲ್ಲ, 120ರಲ್ಲಿ ಮತ್ತೆ ಕಡಿಮೆ. ಇಷ್ಟು ಕೇಳಿದರೇ ವೈಬ್ರೇಷನ್ಸ್ ಓದಿದವರಿಗೆ ರೆಸೊನೆನ್ಸ್ ವಾಸನೆ ಬರಬೇಕು. ಟೈರು 185/60 ಆರ್14. ವ್ಯಾಸ ಸುಮಾರು 578 ಮಿ.ಮೀ., ಸುತ್ತಳತೆ 1.815 ಮೀಟರ್. ಗಂಟೆಗೆ 100 ಕಿ.ಮೀ. ಅಂದರೆ ಸೆಕೆಂಡಿಗೆ 27.8 ಮೀಟರ್, ಚಕ್ರ ಸೆಕೆಂಡಿಗೆ 15.3 ಸುತ್ತು. ರಿಮ್ಮಿನ ಅಂಚಿನಲ್ಲಿ, ಅಂದರೆ ನಡುವಿನಿಂದ 0.178 ಮೀಟರ್ ದೂರದಲ್ಲಿ, 20 ಗ್ರಾಂ ಅಸಮತೋಲನ ಇದೆ ಅನ್ನಿ. ಒಂದು ನಿಂಬೆಹಣ್ಣಿನ ಅರ್ಧದ ತೂಕ. ಎಂ ಆರ್ ಒಮೇಗಾ ಸ್ಕ್ವೇರ್ ಹಾಕಿ ನೋಡಿ, 33 ನ್ಯೂಟನ್ ಬರತ್ತೆ. ಮೂರು ಕಿಲೋಗೂ ಹೆಚ್ಚಿನ ಭಾರವನ್ನು ಯಾರೋ ಸೆಕೆಂಡಿಗೆ 15 ಸಲ ಎಳೆದು ಬಿಟ್ಟ ಹಾಗೆ. ಎರಡು ಟನ್ನಿನ ಗಾಡಿ ಇದನ್ನು ನುಂಗಿಕೊಳ್ಳತ್ತೆ. ಹಗುರ ಕಾರಿನ ಹಗುರ ಸಸ್ಪೆನ್ಷನ್ ಅದನ್ನು ಹಾಗೇ ತಂದು ನಿಮ್ಮ ಅಂಗೈಗೆ ಕೊಡತ್ತೆ.

ಮಾವ ಎರಡು ಸಲ ವೀಲ್ ಬ್ಯಾಲೆನ್ಸ್ ಮಾಡಿಸಿದ್ದರು, ಪ್ರಯೋಜನ ಆಗಿರಲಿಲ್ಲ. ಕಾರಣ ಬ್ಯಾಲೆನ್ಸ್ ಅಲ್ಲ. ಚಕ್ರಗಳು ಕಾರಿನ ಜೊತೆ ಬಂದವಲ್ಲ, ಹಿಂದಿನ ಓನರ್ ಹಾಕಿಸಿದ ಬೇರೆ ಅಲಾಯ್. ಈ ಕಾರಿನ ಹಬ್ಬಿನ ನಡುವಿನ ಉಬ್ಬು 54.1 ಮಿ.ಮೀ. ಅಲಾಯ್‌ನ ನಡುವಿನ ತೂತು ಅದಕ್ಕಿಂತ ದೊಡ್ಡದು. ಹಾಗಾಗಿ ಚಕ್ರ ನಡುವಿಗೆ ಕೂರೋದು ನಾಲ್ಕು ನಟ್ಟಿನ ಭರವಸೆಯ ಮೇಲೆ ಮಾತ್ರ. ಒಂದು ಕಡೆ ಮೊದಲು ಬಿಗಿ ಮಾಡಿದರೆ ಕೂದಲೆಳೆಯಷ್ಟು ಆಚೀಚೆ ಕೂರತ್ತೆ. ಬ್ಯಾಲೆನ್ಸ್ ಮಷೀನಿನ ಮೇಲೆ ಸರಿಯಾಗೇ ಇದ್ದ ಚಕ್ರ ಕಾರಿನ ಮೇಲೆ ಸೊಟ್ಟ. ಹೊರಗೆ ಅಲಾಯ್ ತೂತಿನ ಅಳತೆ, ಒಳಗೆ 54.1 ಇರೋ ಪ್ಲಾಸ್ಟಿಕ್ ಉಂಗುರಗಳು ಸಿಗ್ತವೆ. ನಾಲ್ಕು ತಂದು ಹಾಕಿ, ಚಕ್ರ ಗಾಳಿಯಲ್ಲಿರುವಾಗಲೇ ನಟ್ಟುಗಳನ್ನು ಎದುರುಬದುರಾಗಿ ಕೈಯಲ್ಲಿ ಬಿಗಿದು, ಆಮೇಲೆ ಇಳಿಸಿ ಟಾರ್ಕ್ ರೆಂಚಿನಲ್ಲಿ ಮುಗಿಸಿದೆ. ನಡುಕ ಮುಕ್ಕಾಲು ಪಾಲು ಹೋಯ್ತು. ಉಳಿದ ಕಾಲು ಪಾಲು ಟೈರಿನದು, ಹಳೆಯ ಟೈರಿಗೆ ಉಂಗುರ ಏನು ಮಾಡೀತು.

ಎಣ್ಣೆ ಎಲ್ಲಿಂದ

ಎಂಜಿನ್ನೂ ಗೇರ್‌ಬಾಕ್ಸೂ ಸೇರೋ ಜಾಗದಲ್ಲಿ ಎಣ್ಣೆ ಜಿನುಗ್ತಿದ್ದರೆ ಎಲ್ಲರೂ ಹೇಳೋದು ಒಂದೇ: ಕ್ರ್ಯಾಂಕ್ ಹಿಂದಿನ ಸೀಲ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು. ಎರಡು ದಿನದ ಕೆಲಸ. ಆದರೆ ಎಣ್ಣೆ ಬೀಳೋ ಜಾಗ ಎಣ್ಣೆ ಹುಟ್ಟೋ ಜಾಗ ಅಲ್ಲ. ತಲಕಾವೇರಿ ಎಲ್ಲೋ, ಕೃಷ್ಣರಾಜಸಾಗರ ಎಲ್ಲೋ. ಈ ಎಂಜಿನ್ನಿನ ಸಿಲಿಂಡರ್ ಹೆಡ್ಡಿನ ಹಿಂತುದಿಯಲ್ಲಿ ಕ್ಯಾಮ್ ಆಂಗಲ್ ಸೆನ್ಸರ್ ಇದೆ, ಅದಕ್ಕೊಂದು ರಬ್ಬರ್ ಓ-ರಿಂಗ್. ಬಿಸಿಗೆ ವರ್ಷಾನುಗಟ್ಟಲೆ ಬೆಂದು ಅದು ಪ್ಲಾಸ್ಟಿಕ್ ಬಳೆಯ ಹಾಗೆ ಗಟ್ಟಿಯಾಗತ್ತೆ. ಎಣ್ಣೆ ಅಲ್ಲಿಂದ ಇಳಿದು, ಎಂಜಿನ್ನಿನ ಬೆನ್ನಲ್ಲಿ ಯಾರಿಗೂ ಕಾಣದೆ ಹರಿದು, ಕೆಳಗೆ ಸರಿಯಾಗಿ ಕ್ರ್ಯಾಂಕ್ ಸೀಲ್ ಹತ್ರ ತೊಟ್ಟಿಕ್ಕತ್ತೆ. ಮೊದಲು ಮೇಲಿಂದ ಕೆಳಗೆ ಚೆನ್ನಾಗಿ ತೊಳೆದು ಒಣಗಿಸಿ, ಸ್ವಲ್ಪ ಓಡಿಸಿ, ಸಣ್ಣ ಕನ್ನಡಿ ಮತ್ತು ಟಾರ್ಚ್ ಹಿಡಿದು ಅತಿ ಎತ್ತರದ ಒದ್ದೆ ಎಲ್ಲಿದೆ ನೋಡಿ.

ಓ-ರಿಂಗ್ ಒಂದು ಬೋಲ್ಟಿನ ಕೆಲಸ, ಬೆಲೆ ಒಂದು ಕಾಫಿಗಿಂತ ಕಡಿಮೆ. ಆದರೆ ಸೆನ್ಸರನ್ನು ತಿರುಗಿಸಿದರೆ ಇಗ್ನಿಷನ್ ಟೈಮಿಂಗ್ ಬದಲಾಗತ್ತೆ, ಅದಕ್ಕೇ ಬಿಚ್ಚೋ ಮುಂಚೆ ಹೆಡ್ಡಿಗೂ ಸೆನ್ಸರಿಗೂ ಸೇರಿಸಿ ಒಂದು ಗೆರೆ ಗೀಚಿಕೊಳ್ಳಿ. ಕೂರಿಸಿದ ಮೇಲೆ ಟೈಮಿಂಗ್ ಲೈಟಿನಲ್ಲಿ ಪರೀಕ್ಷಿಸಬೇಕು: ಬಾನೆಟ್ ಒಳಗಿನ ಡಯಾಗ್ನೋಸ್ಟಿಕ್ ಡಬ್ಬಿಯಲ್ಲಿ ಟಿಇಎನ್, ಜಿಎನ್‌ಡಿ ಎಂಬ ಎರಡು ತೂತುಗಳ ನಡುವೆ ತಂತಿ ಸೇರಿಸಿ, ಬಿಸಿ ಎಂಜಿನ್ 850ರಲ್ಲಿ ಓಡುವಾಗ ಟಿಡಿಸಿಗೆ 10 ಡಿಗ್ರಿ ಮುಂಚೆ ಬರಬೇಕು. ತಂತಿ ತೆಗೆಯೋದು ಮರೀಬೇಡಿ.

ಉಳಿದ ಸಣ್ಣವನ್ನು ಬೇಗ ಹೇಳಿ ಮುಗಿಸ್ತೀನಿ. ಗೇರ್ ಲಿವರ್ ಸುತ್ತ ಬಿಸಿ ಗಾಳಿ, ಸದ್ದು ಬರ್ತಿದ್ದರೆ ಒಳಗಿನ ರಬ್ಬರ್ ಬೂಟು ಹರಿದಿದೆ ಅಂತ ಅರ್ಥ. ಬೂಟ್ ಬದಲಾಯಿಸೋವಾಗ ಲಿವರ್ ಕೂರೋ ಗೂಡಿನಲ್ಲಿ ಎಣ್ಣೆ ನೋಡಿ. ಅದು ಗೇರ್‌ಬಾಕ್ಸಿನ ಎಣ್ಣೆಯಲ್ಲ, ಆ ಗೂಡಿಗೇ ಪ್ರತ್ಯೇಕ, 100 ಮಿಲಿಗೂ ಕಡಿಮೆ. ಬಹಳ ಕಾರುಗಳಲ್ಲಿ ಅದು ಪೂರ್ತಿ ಒಣಗಿರತ್ತೆ, ತುಂಬಿಸಿದರೆ ಗೇರ್ ಬೆಣ್ಣೆಯ ಹಾಗೆ ಬೀಳತ್ತೆ. ಮಳೆಯಲ್ಲಿ ಎಂಜಿನ್ ಎಗರಾಡಿದರೆ ಪ್ಲಗ್ ವೈರ್ ನೋಡಿ. ಇಲ್ಲಿ ವೇಸ್ಟೆಡ್ ಸ್ಪಾರ್ಕ್: 1 ಮತ್ತು 4ನೇ ಸಿಲಿಂಡರಿಗೆ ಒಂದು ಕಾಯಿಲ್, 2 ಮತ್ತು 3ಕ್ಕೆ ಇನ್ನೊಂದು. ಜೋಡಿಯಾಗಿ ಸತ್ತರೆ ಕಾಯಿಲ್, ಒಂಟಿಯಾಗಿ ಸತ್ತರೆ ವೈರ್ ಅಥವಾ ಪ್ಲಗ್. ಕತ್ತಲಲ್ಲಿ ಬಾನೆಟ್ ಎತ್ತಿ ನೋಡಿದರೆ ಹಳೇ ವೈರಿನ ಮೈಮೇಲೆ ನೀಲಿ ಕಿಡಿ ಓಡಾಡೋದು ಕಾಣತ್ತೆ, ಕೈ ಮಾತ್ರ ದೂರ ಇರಲಿ. ಬಟ್ಟೆ ಮಾಡಿನ ಹಿಂದಿನ ಪ್ಲಾಸ್ಟಿಕ್ ಕಿಟಕಿಯನ್ನು ಮಾಡು ಇಳಿಸೋ ಮುಂಚೆ ಜಿಪ್ ತೆಗೆದು ಮಲಗಿಸಬೇಕು, ಚಳಿಯಲ್ಲಂತೂ ಮಡಿಸಲೇಬಾರದು, ಮಡಿಕೆಯಲ್ಲಿ ಬಿರಿಯತ್ತೆ. ಬ್ಯಾಟರಿ ಡಿಕ್ಕಿಯಲ್ಲಿದೆ, ಗ್ಯಾಸ್ ಹೊರಗೆ ಹೋಗೋ ಕೊಳವೆ ಇರೋ ಬ್ಯಾಟರಿಯನ್ನೇ ಹಾಕಬೇಕು.

ಒದ್ದೆ ಕಾರ್ಪೆಟ್ಟು

ಹೀಗೆ ಮೂರು ವಾರ ಕಳೆದುಹೋಯ್ತು. ಪಟ್ಟಿಯ ಮೊದಲ ಸಾಲನ್ನು ನಾನು ಇನ್ನೂ ಮುಟ್ಟಿರಲಿಲ್ಲ. ಒದ್ದೆ ಕಾರ್ಪೆಟ್ ಒಣಗಿಸಿದರೆ ಆಯ್ತು, ಅದರಲ್ಲಿ ಎಂಜಿನಿಯರಿಂಗ್ ಏನಿದೆ ಅನ್ನೋ ಧಿಮಾಕು. ಮಲೆನಾಡಿನವನಾಗಿ ನನಗೆ ನೀರಿನ ಬಗ್ಗೆ ಭಯ ಇರಬೇಕಿತ್ತು.

ಒಂದು ರಾತ್ರಿ ಜೋರು ಮಳೆ ಬಂತು. ಬೆಳಗ್ಗೆ ಸೀಟಿನ ಹಿಂದೆ ಕೈಯಿಟ್ಟರೆ ಕೆರೆ. ಆಗ ಕೂತು ನೀರಿನ ದಾರಿ ಹುಡುಕಿದೆ. ಬಟ್ಟೆ ಮಾಡಿನ ಹಿಂದಿನ ಕೆಳ ಅಂಚು ಒಂದು ಪ್ಲಾಸ್ಟಿಕ್ ಕಾಲುವೆಯೊಳಗೆ ಇಳಿದಿರತ್ತೆ. ಮಾಡಿನ ಮೇಲೆ ಬಿದ್ದ ನೀರು ಹಿಂದಕ್ಕೆ ಹರಿದು ಆ ಕಾಲುವೆಗೆ ಬರತ್ತೆ, ಅಲ್ಲಿಂದ ಎಡಕ್ಕೂ ಬಲಕ್ಕೂ ಸರಿದು, ಸೀಟ್ ಬೆಲ್ಟ್ ಕಂಬದ ಹಿಂದಿರೋ ಒಂದೊಂದು ತೂತಿಗೆ ಬಿದ್ದು, ಕೊಳವೆಯ ಮೂಲಕ ಹಿಂದಿನ ಚಕ್ರದ ಮುಂದೆ ನೆಲಕ್ಕೆ ಹೋಗಬೇಕು. ನಮ್ಮ ಹಂಚಿನ ಮನೆಯ ದೋಣಿ ಇದ್ದ ಹಾಗೆ. ದೋಣಿಯಲ್ಲಿ ಅಡಿಕೆ ಹಾಳೆ ಸಿಕ್ಕಿಕೊಂಡರೆ ಜಗಲಿಗೆ ನೀರು ಬರಲ್ವಾ, ಹಾಗೇ.

ನೀರು ಎಷ್ಟು? 1 ಮಿ.ಮೀ. ಮಳೆ ಅಂದರೆ ಚದರ ಮೀಟರಿಗೆ 1 ಲೀಟರ್. ಮಾಡಿನ ಒಂದು ಚದರ ಮೀಟರ್ ನೀರು ಹಿಂದಕ್ಕೆ ಬಂದರೂ, 20 ಮಿ.ಮೀ. ಮಳೆಯ ರಾತ್ರಿ 20 ಲೀಟರ್. ಒಂದು ಕಡೆ ಕಟ್ಟಿಕೊಂಡಿದ್ದರೆ ಅದರಲ್ಲಿ ಅರ್ಧ, ಒಂದು ಬಕೆಟ್, ಕಾರೊಳಗೆ.

ಮಾವ ಕಾರು ನಿಲ್ಲಿಸೋದು ಪಕ್ಕದ ಮನೆಯ ಬರ್ಚ್ ಮರದ ಕೆಳಗೆ, ಬಲಮಗ್ಗುಲು ಮರದ ಕಡೆ. ಬಲಗಡೆ ತೂತಿನೊಳಗೆ ಬೆರಳಿಟ್ಟರೆ ಕಪ್ಪು ಕೆಸರು, ಬರ್ಚ್ ಬೀಜ, ಎಲೆ ಚೂರು. ಕಬ್ಬಿಣದ ಸರಳು ಹಾಕಿ ಚುಚ್ಚಬೇಡಿ, ಕೊಳವೆ ಹರಿಯತ್ತೆ ಅಥವಾ ಕಳಚಿ ಬೀಳತ್ತೆ, ಆಮೇಲೆ ನೀರು ನೇರ ಬಾಡಿಯೊಳಗೆ. ಹುಲ್ಲು ಕತ್ತರಿಸೋ ಮಷೀನಿನ ದಪ್ಪ ನೈಲಾನ್ ದಾರ ಸರಿಹೋಗತ್ತೆ. ಮೆಲ್ಲಗೆ ಆಡಿಸ್ತಾ, ಒಂದೊಂದೇ ಲೋಟ ಉಗುರುಬೆಚ್ಚನೆ ನೀರು ಹಾಕ್ತಾ ಹೋದೆ. ಅರ್ಧ ಗಂಟೆ ಆದ ಮೇಲೆ ಗಳಗಳ ಅಂತ ಕೆಳಗೆ ಇಳೀತು. ಮಾವ ಚಕ್ರದ ಹತ್ರ ಮಂಡಿಯೂರಿ ನೋಡ್ತಿದ್ದೋರು, "ಬಂತು ಕಣೋ!" ಅಂತ ಕೂಗಿದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಾದರು. "ಇಲ್ಲಿ ಬಂದು ನೋಡು," ಅಂದ್ರು.

ಬಾಗಿಲ ಕೆಳಗಿನ ಹೊಸ್ತಿಲು, ಅಂದರೆ ಸಿಲ್, ಹಿಂದಿನ ಚಕ್ರದ ಮುಂದೆ ಮುಗಿಯೋ ಜಾಗದಲ್ಲಿ ಬಣ್ಣ ಹಪ್ಪಳದ ಹಾಗೆ ಉಬ್ಬಿತ್ತು. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದರೆ ಮುಂದೆಲ್ಲ ಟಣ್ ಟಣ್, ಅಲ್ಲಿ ಮಾತ್ರ ಡಬ್. ತುದಿಯಿಂದ ಒತ್ತಿದೆ. ಒಳಗೆ ಹೋಯ್ತು.

ತುಕ್ಕು ಹೊರಗಿನಿಂದ ಬಂದದ್ದಲ್ಲ. ಸಿಲ್ ಎರಡು ಮೂರು ಪದರದ ಟೊಳ್ಳು ಪೆಟ್ಟಿಗೆ. ಉಕ್ಕಿ ಬಂದ ನೀರು ಒಳಗಿಳಿದು ಅತಿ ತಗ್ಗಿನ ಮೂಲೆಯಲ್ಲಿ, ಅಂದರೆ ಹಿಂತುದಿಯಲ್ಲಿ, ಧೂಳು ಕೆಸರಿನ ಜೊತೆ ಕೂತಿರತ್ತೆ. ಕೆಸರಿನ ಕೆಳಗೆ ಆಮ್ಲಜನಕ ಕಡಿಮೆ, ಅಂಚಿನಲ್ಲಿ ಜಾಸ್ತಿ. ಕಡಿಮೆ ಇರೋ ಕಡೆ ಆನೋಡ್ ಆಗಿ ಉಕ್ಕು ಕರಗತ್ತೆ. ಮೊದಲ ಸೆಮ್ ಕೆಮಿಸ್ಟ್ರಿಯಲ್ಲಿ ಡಿಫರೆನ್ಷಿಯಲ್ ಏರೇಷನ್ ಅಂತ ಐದು ಮಾರ್ಕಿಗೆ ಬರೀತೀವಲ್ಲ, ಅದೇ. ಹೊರಗೆ ಬಣ್ಣ ಉಬ್ಬೋ ಹೊತ್ತಿಗೆ ಒಳಗಿನ ಪದರ ಮುಗಿದಿರತ್ತೆ.

ಇದು ಬರೀ ಅಂದದ ವಿಷಯ ಆಗಿದ್ದರೆ ಬಿಡಬಹುದಿತ್ತು. ಮಾಡಿಲ್ಲದ ಕಾರಿನಲ್ಲಿ ಬಗ್ಗುವಿಕೆ, ತಿರುಚುವಿಕೆ ಎರಡನ್ನೂ ಹೊರೋದು ಮುಖ್ಯವಾಗಿ ಸಿಲ್‌ಗಳು. ಎಸ್‌ಒಎಂ ಪುಸ್ತಕ ತೆಗೀರಿ. 100 ಮಿ.ಮೀ. ಚೌಕ, 1 ಮಿ.ಮೀ. ದಪ್ಪದ ಮುಚ್ಚಿದ ಪೆಟ್ಟಿಗೆ ಕೊಳವೆ ತಗೊಳ್ಳಿ. ತಿರುಚು ಸ್ಥಿರಾಂಕ ಜೆ, ಮುಚ್ಚಿದ್ದಕ್ಕೆ 4 ಎ ಸ್ಕ್ವೇರ್ ಟಿ ಭಾಗಿಸು ಸುತ್ತಳತೆ: 10 ಲಕ್ಷ. ಅದೇ ಕೊಳವೆಯನ್ನು ಉದ್ದಕ್ಕೆ ಒಂದು ಗೆರೆ ಸೀಳಿ ಬಿಡಿ. ಈಗ ಸೂತ್ರ ಬೇರೆ, ಸುತ್ತಳತೆ ಗುಣಿಸು ಟಿ ಕ್ಯೂಬ್ ಭಾಗಿಸು 3: ಬರೀ 133. ಲೋಹ ಅಷ್ಟೇ, ತೂಕ ಅಷ್ಟೇ, ಬಿಗಿತ ಏಳೂವರೆ ಸಾವಿರದಲ್ಲಿ ಒಂದು ಪಾಲು. ಒಂದು ತೂತಿಗೆ ಇಷ್ಟಾಗಲ್ಲ ನಿಜ. ಆದರೆ ತುಕ್ಕು ತಿನ್ನೋದು ಪದರಗಳು ಸೇರೋ ಕೆಳಗಿನ ಅಂಚನ್ನೇ, ಹೋಗ್ತಿರೋ ದಿಕ್ಕು ಅದೇ. ಎಂಓಟಿಯಲ್ಲೂ ಸೀಟ್ ಬೆಲ್ಟ್, ಸಸ್ಪೆನ್ಷನ್ ಕೂರೋ ಜಾಗಗಳಿಂದ 30 ಸೆಂ.ಮೀ. ಒಳಗೆ ಬಾಡಿ ತುಕ್ಕಿಗೆ ಸೋತಿದ್ದರೆ ಫೇಲ್. ನಮ್ಮ ತೂತು ಅದರೊಳಗೇ ಇತ್ತು.

ಕಿಟಕಿ, ಟಿಕ್ ಟಿಕ್, ನಡುಕ ಯಾವುದರಿಂದಲೂ ಆ ಕಾರು ಸಾಯ್ತಿರಲಿಲ್ಲ. ಒಂದು ಹಿಡಿ ಬರ್ಚ್ ಬೀಜದಿಂದ ಸಾಯ್ತಿತ್ತು. ಮಾವನಿಗೆ ಬೇಜಾರಾಗಿದ್ದು ನನಗಿಂತ ಹೆಚ್ಚು. ಎರಡು ಚಳಿಗಾಲ ಟವೆಲ್ ಹಾಕಿ ಒರೆಸಿ ಸುಮ್ಮನಾಗಿದ್ದೆ ಅಂದ್ರು.

ವೆಲ್ಡಿಂಗ್ ನಮ್ಮ ಕೈಯಲ್ಲಿ ಆಗೋದಲ್ಲ. ಪರಿಚಯದ ವೆಲ್ಡರ್ ಒಬ್ಬರು ಹೊರಪದರ ಕತ್ತರಿಸಿ, ಒಳಗಿನ ಕೊಳೆತ ಭಾಗ ತೆಗೆದು, ಹೊಸ ತಗಡನ್ನು ಅಂಚಿನುದ್ದಕ್ಕೂ ಬಿಡದೆ ಬೆಸೆದರು. ಮೇಲೆ ಪುಟ್ಟಿ ಬಳಿದು ಬಣ್ಣ ಹೊಡೆದರೆ ತಪಾಸಣೆಯಲ್ಲಿ ಸಿಕ್ಕಿಬೀಳೋದು ಹಾಗಿರಲಿ, ಬಲವೇ ಬರಲ್ಲ. ಎಡಗಡೆ ಸಿಲ್ ಪುಣ್ಯಕ್ಕೆ ಗಟ್ಟಿಯಾಗಿತ್ತು. ನಾವು ಮಾಡಿದ್ದು ಉಳಿದ ಕೆಲಸ: ಕಾರ್ಪೆಟ್ ಎತ್ತಿ ಕೆಳಗಿನ ಫೋಮನ್ನು ನಾಲ್ಕು ದಿನ ಒಣಗಿಸಿದೆವು, ಸಿಲ್ ಕೆಳಗಿನ ಮತ್ತು ಬಾಗಿಲುಗಳ ಕೆಳ ಅಂಚಿನ ಸಣ್ಣ ತೂತುಗಳನ್ನೆಲ್ಲ ಬಿಡಿಸಿದೆವು, ಬೆಸುಗೆ ಆರಿ ಒಳಗೆ ಪೂರ್ತಿ ಒಣಗಿದ ಮೇಲೆ ಉದ್ದನೆ ನಳಿಕೆಯಿಂದ ಕ್ಯಾವಿಟಿ ವ್ಯಾಕ್ಸ್ ಹೊಡೆದೆವು. ಒದ್ದೆ ಇರುವಾಗಲೇ ವ್ಯಾಕ್ಸ್ ಹೊಡೆದರೆ ನೀರನ್ನು ಒಳಗೆ ಕೂಡಿಹಾಕಿದ ಹಾಗಾಗತ್ತೆ.

ಆಮೇಲೆ ಸೋರಿಕೆ ಪರೀಕ್ಷೆ. ಒಬ್ಬರು ಟಾರ್ಚ್ ಹಿಡಿದು ಒಳಗೆ, ಒಬ್ಬರು ಪೈಪ್ ಹಿಡಿದು ಹೊರಗೆ. ನೀರನ್ನು ಕೆಳಗಿನಿಂದ ಶುರು ಮಾಡಿ ಮೆಲ್ಲಗೆ ಮೇಲಕ್ಕೆ ತರಬೇಕು. ಮೇಲಿನಿಂದ ಶುರು ಮಾಡಿದರೆ ಎಲ್ಲ ಒಟ್ಟಿಗೆ ಒದ್ದೆಯಾಗಿ ಏನೂ ಗೊತ್ತಾಗಲ್ಲ. ಒಳಗೆ ಹಳೇ ಪೇಪರ್ ಹಾಸಿದರೆ ಮೊದಲ ಹನಿ ಎಲ್ಲಿ ಬಿತ್ತು ಅಂತ ಅದೇ ತೋರಿಸತ್ತೆ. ಒಳಗೆ ಕೂತಿದ್ದು ಅತ್ತೆ. ವಿಂಡ್‌ಸ್ಕ್ರೀನ್ ಮೂಲೆಯಲ್ಲಿ ಒಂದು ಹನಿ ಹಿಡಿದರು, ಗಾಜಿನ ರಬ್ಬರ್ ಸರಿಸಿ ಕೂರಿಸಿದ ಮೇಲೆ ಅದೂ ನಿಂತಿತು.

ನಾನು ವಾಪಸ್ ಹೊರಡೋ ನಾಲ್ಕು ದಿನ ಮುಂಚೆ ಎಂಓಟಿ ಆಯ್ತು. ಪಾಸು, ಟೈರು ಹಳೆಯದಾಗಿದೆ ಅನ್ನೋ ಸಲಹೆಯ ಜೊತೆ. ಮಾವ ಈಗ ಕಾರನ್ನು ಬೀದಿಯ ಆ ಕಡೆ, ಮರ ಇಲ್ಲದ ಜಾಗದಲ್ಲಿ ನಿಲ್ಲಿಸ್ತಾರೆ. ತಿಂಗಳಿಗೊಮ್ಮೆ ಎರಡೂ ತೂತಿಗೆ ಒಂದೊಂದು ಚೊಂಬು ನೀರು ಹಾಕಿ, ಚಕ್ರದ ಮುಂದೆ ನೀರು ಬೀಳೋ ವಿಡಿಯೋ ಕಳಿಸ್ತಾರೆ. ಹೋದ ವಾರದ ವಿಡಿಯೋದಲ್ಲಿ ಹಿಂದಿನಿಂದ ಅತ್ತೆಯ ದನಿ ಕೇಳ್ತಿತ್ತು, ಬಲಗಡೆ ಕಿಟಕಿಯೂ ಈಗ ನಿಧಾನ ಆಗಿದೆಯಂತೆ. ಮಲ್ಟಿಮೀಟರ್ ತಗೊಳ್ಳಿ ಅಂತ ಬರೆದಿದ್ದೀನಿ.